ಜೀಪಿಗೆ ಮೆತ್ತನೆ ಟೈರು

ನಮ್ಮ ಜೀಪಿಗೆ ಹೊಸ ಟೈರು ಹಾಕಿಸಬೇಕು ಎಂದು ನಾನು ಹೇಳಿದಾಗ ಮೈದುನ ಎದ್ದು ಅಂಗಳಕ್ಕೆ ಹೋಗಿ ನಾಲ್ಕೂ ಟೈರುಗಳನ್ನು ಮುಟ್ಟಿ ನೋಡಿ ಬಂದ. "ಅತ್ಗೆ, ಇವಕ್ಕೇನಾಗೈತೆ? ಇನ್ನೂ ಅರ್ಧನೂ ಸವದಿಲ್ಲ" ಎಂದ. ಅವನು ಹೇಳಿದ್ದು ಸರಿಯೇ. ಕೆಸರಿಗೆಂದೇ ಮಾಡಿದ, ದಪ್ಪ ದಪ್ಪ ಹಲ್ಲಿನ ಟೈರುಗಳು ಅವು. ನಮ್ಮ ಯಜಮಾನರು ತಾವೇ ನಿಂತು ಆರಿಸಿ ಹಾಕಿಸಿದ್ದು. ಹಾಕಿಸಿಕೊಂಡು ಬಂದ ದಿನ ಹೊಸ ಎತ್ತು ತಂದವರ ಹಾಗೆ ಜೀಪಿನ ಸುತ್ತ ತಿರುಗಿ ತಿರುಗಿ ನೋಡಿದ್ದರು. ಆ ಟೈರಿನಲ್ಲಿ ಅವರು ದಾಟದ ಹಳ್ಳವಿರಲಿಲ್ಲ.

ನಮ್ಮದು ಶಿಕಾರಿಪುರದಲ್ಲಿ ಕಾಳುಕಡಿಯ ಅಂಗಡಿ. ಅದು ಮಾವನವರ ಕಾಲದ್ದು. ಆದರೆ ಸೊರಬದ ಕಡೆ, ಕುಬಟೂರಿನ ಹತ್ತಿರ ಇರುವ ಹೊಲ ನಮ್ಮ ಯಜಮಾನರದೇ ಸಂಪಾದನೆ. ಕೊಂಡಾಗ ಅದು ಹೊಲದ ಹಾಗಿರಲಿಲ್ಲ. ಇಳಿಜಾರು ನೆಲ, ಮಳೆ ಬಂದರೆ ಮಣ್ಣೆಲ್ಲ ಕೆಳಗಿನವರ ಗದ್ದೆಗೆ ಹೋಗಿ ಕೂರುತ್ತಿತ್ತು. ಇವರು ವರ್ಷಕ್ಕಿಷ್ಟು ಎಂದು ಬದು ಹಾಕಿಸುತ್ತಾ ಬಂದರು. ಆಳು ಸಿಗದ ದಿನ ತಾವೇ ಸಲಿಕೆ ಹಿಡಿದರು. ಅಂಗಡಿಯಲ್ಲಿ ಕೂತರೆ ಆಕಳಿಸುವ ಮನುಷ್ಯ, ಹೊಲಕ್ಕೆ ಹೋಗುವುದೆಂದರೆ ಬೆಳಿಗ್ಗೆ ನನಗಿಂತ ಮೊದಲೇ ಎದ್ದು ಜೀಪು ಒರೆಸುತ್ತಿದ್ದರು. ಅದನ್ನು ಕಂಡು ನಾನು, "ಅಲ್ಲಿ ಯಾರನ್ನಾದ್ರೂ ಇಟ್ಕೊಂಡೀರೇನು?" ಎಂದು ರೇಗಿಸುತ್ತಿದ್ದೆ.

ಬೆನ್ನಿಗೆ ಆಪರೇಷನ್ ಆದ ಮೇಲೆ ಅದೆಲ್ಲ ನಿಂತಿತು. ಶಿವಮೊಗ್ಗದ ಡಾಕ್ಟರು ಎರಡು ಮಾತು ಹೇಳಿದ್ದರು. ನಡೆಯಬೇಕು, ಎಷ್ಟು ನಡೆದರೂ ಒಳ್ಳೆಯದು. ಬಗ್ಗಬಾರದು, ಕುಲುಕಾಟ ಆಗಬಾರದು. ನಡೆಯುವುದನ್ನು ಇವರು ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆಗೆ ಇಟ್ಟುಕೊಂಡರು. ಹೊಲಕ್ಕೆ ಹೋಗಬೇಕೆಂದರೆ ಕುಲುಕಾಟವಿಲ್ಲದೆ ಆಗುತ್ತಿರಲಿಲ್ಲ. ಒಮ್ಮೆ ಬಾಡಿಗೆ ಕಾರು ಮಾಡಿಸಿದೆ. ಅದರ ಸೀಟು ತಗ್ಗು, ಕೂತವರು ಏಳಲಾರದೆ ಒದ್ದಾಡಿದರು. ಸಾಲದ್ದಕ್ಕೆ, ಡಾಂಬರು ಮುಗಿದು ಗಾಡಿದಾರಿ ಶುರುವಾದ ಕಡೆ ಕಾರಿನ ಹೊಟ್ಟೆ ನೆಲಕ್ಕೆ ತಾಗಿ, ಹೊಲ ಕಾಣುವ ಮುಂಚೆಯೇ ವಾಪಸು ಬರಬೇಕಾಯಿತು. ಜೀಪಿನ ಸೀಟು ಎತ್ತರ, ಹತ್ತಿ ಇಳಿಯುವುದು ಅವರಿಗೆ ಸುಲಭ. ಆದರೆ ಆ ಹಲ್ಲಿನ ಟೈರು ಡಾಂಬರಿನ ಮೇಲೆ ಹಿಟ್ಟಿನ ಗಿರಣಿಯ ಹಾಗೆ ಗುಂಯ್‌ಗುಡುತ್ತಿತ್ತು, ರಸ್ತೆಯ ಒಂದೊಂದು ಕಲ್ಲನ್ನೂ ಬೆನ್ನಿಗೆ ಮುಟ್ಟಿಸುತ್ತಿತ್ತು. ಊರು ದಾಟುವ ಮೊದಲೇ ಇವರು ಕಣ್ಣು ಮುಚ್ಚಿ ಹಲ್ಲು ಕಚ್ಚಿ ಕೂರುತ್ತಿದ್ದರು.

ಆ ವರ್ಷದ ಬೆಳೆಯನ್ನು ಮೈದುನನೇ ಓಡಾಡಿ ತೆಗೆಸಿದ. ಅಂಗಡಿಯೂ ಅವನ ತಲೆಯ ಮೇಲೆ, ಹೊಲವೂ ಅವನ ತಲೆಯ ಮೇಲೆ. ಸಾಕಾಗಿ ಹೋಗಿತ್ತು ಅವನಿಗೆ, ತಪ್ಪೇನಿಲ್ಲ. ಮೆಕ್ಕೆಜೋಳ ಮುರಿದಾದ ಮೇಲೆ ಒಂದು ದಿನ ಊಟದ ಹೊತ್ತಿನಲ್ಲಿ, "ಅಣ್ಣಾ, ಶುಂಠಿಯವರು ಕೇಳ್ತಾ ಇದಾರೆ. ಗುತ್ತಿಗೆಗೆ ಕೊಟ್ಬಿಡಾಣ" ಎಂದ.

ಶುಂಠಿಗೆ ಕೊಡುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮೊದಲು ಜೆಸಿಬಿ ಬರುತ್ತದೆ. ಬದುಗಳನ್ನು ಒಡೆದು ನೆಲವನ್ನು ತಮಗೆ ಬೇಕಾದ ಹಾಗೆ ಮಟ್ಟ ಮಾಡಿಕೊಳ್ಳುತ್ತಾರೆ. ಹೊಡೆಯುವ ಔಷಧಿಗೆ ಲೆಕ್ಕವಿಲ್ಲ. ಅವರು ಬಿಟ್ಟು ಹೋದ ಮೇಲೆ ಆ ಮಣ್ಣು ಮತ್ತೆ ನಮ್ಮ ಮಾತು ಕೇಳಲು ವರ್ಷಗಟ್ಟಲೆ ಬೇಕು. ನಮ್ಮ ಯಜಮಾನರೇ ಇದನ್ನು ಅಂಗಡಿಗೆ ಬಂದ ರೈತರಿಗೆಲ್ಲ ಹೇಳಿ ಹೇಳಿ ಬೈಸಿಕೊಂಡವರು. ಈಗ ತಮ್ಮನ ಮಾತು ಕೇಳಿ ಕೂಗಾಡುತ್ತಾರೆ ಎಂದು ನಾನು ಕಾದೆ. ಅವರು ಅನ್ನಕ್ಕೆ ಮಜ್ಜಿಗೆ ಕಲಸಿಕೊಳ್ಳುತ್ತಾ, "ಏನಾದ್ರೂ ಮಾಡ್ಕೊಳ್ರಿ" ಎಂದರು.

ನನಗೆ ಅಳು ಬಂದಿತು, ಅಳಲಿಲ್ಲ. ಸಾರಿಗೆ ಉಪ್ಪು ಒಂದು ಕಲ್ಲು ಹೆಚ್ಚಾದರೆ ಬೀದಿಗೆ ಕೇಳುವ ಹಾಗೆ ಜಗಳ ತೆಗೆಯುತ್ತಿದ್ದ ಗಂಡಸು ಇದು. ಈ ಮನುಷ್ಯ ಹೊಲ ನೋಡಿ, ನಿಂತು, ಯೋಚಿಸಿ, ಆಮೇಲೆ ಕೊಡುವುದಾದರೆ ಕೊಡಲಿ, ನನ್ನದೇನೂ ತಕರಾರಿಲ್ಲ. ನೋಡದೆ, ಮನೆಯೊಳಗೆ ಕೂತು ಕೊಡುವುದನ್ನು ಮಾತ್ರ ನಾನು ಬಿಡುವುದಿಲ್ಲ ಎಂದು ಆ ಊಟದ ಮುಂದೆಯೇ ತೀರ್ಮಾನ ಮಾಡಿಕೊಂಡೆ.

ಟೈರಿನ ಯೋಚನೆ ಬಂದದ್ದು ಒಂದು ಮದುವೆಯಿಂದ. ನೆಂಟರೊಬ್ಬರ ಜೀಪಿನಲ್ಲಿ ಶಿವಮೊಗ್ಗಕ್ಕೆ ಹೋಗಿದ್ದೆ. ನಮ್ಮದೇ ಜಾತಿಯ ಜೀಪು. ಬರುವಾಗ ಹಿಂದಿನ ಸೀಟಿನಲ್ಲಿ ನನಗೆ ನಿದ್ದೆ ಹತ್ತಿತು. ಎಚ್ಚರವಾದಾಗ ಶಿಕಾರಿಪುರ ಬಂದುಬಿಟ್ಟಿತ್ತು. ಜೀಪಿನಲ್ಲಿ ನಿದ್ದೆಯೇ ಎಂದು ನನಗೇ ನಂಬಿಕೆಯಾಗಲಿಲ್ಲ. ಇಳಿದವಳೇ ಸೀರೆ ನೆರಿಗೆ ಎತ್ತಿಕೊಂಡು ಕುಕ್ಕರುಗಾಲಲ್ಲಿ ಕೂತು ಟೈರು ನೋಡಿದೆ. ಹಲ್ಲುಗಳೇ ಇಲ್ಲ. ಒತ್ತೊತ್ತಾಗಿ ಸಣ್ಣ ಸಣ್ಣ ಗೆರೆಗಳು, ಕಾರಿನ ಟೈರಿನ ಹಾಗೆ. ಹೈವೇ ಟೈರು ಅಂತಾರೆ ಇದನ್ನ ಎಂದರು ನೆಂಟರು. ಮದುವೆಮನೆಯ ಸೀರೆಗೆ ಮಸಿ ಹತ್ತಿತು, ಹೋಗಲಿ ಎಂದುಕೊಂಡೆ.

ಮೈದುನ ಒಪ್ಪಲಿಲ್ಲ. "ಊರಿಗೊಂದು ದಾರಿಯಾದ್ರೆ ನಮ್ಮ ಅತ್ಗೆಗೊಂದು ದಾರಿ. ಕೆಸರಲ್ಲಿ ಹೂತ್ಕೊಂಡ್ರೆ ಏನ್ ಮಾಡ್ತೀರಿ?"

"ನಿಮ್ಮಣ್ಣ ಮನೇಲಿ ಹೂತ್ಕೊಂಡಾರಲ್ಲ, ಅದಕ್ಕೇನ್ ಮಾಡ್ತಿ, ಅದನ್ನ ಹೇಳು" ಎಂದೆ. ನಮ್ಮ ಯಜಮಾನರು ಪಕ್ಕದಲ್ಲೇ ಇದ್ದರು, ಕೇಳಿಸದವರ ಹಾಗೆ ಪೇಪರು ಓದಿದರು.

ಟೈರಿನ ಅಂಗಡಿಯವರು ನಮಗೆ ಬಹಳ ವರ್ಷದ ಪರಿಚಯ. ನಾನೊಬ್ಬಳೇ ಜೀಪು ಓಡಿಸಿಕೊಂಡು ಹೋದದ್ದು ಅವರಿಗೆ ಹೊಸದಲ್ಲ. ಅಂಬ್ಲಿಗೊಳದ ಕಡೆಯ ಖಾಲಿ ರಸ್ತೆಯಲ್ಲಿ ಯಜಮಾನರೇ ನನಗೆ ಡ್ರೈವಿಂಗ್ ಕಲಿಸಿದ್ದರು. ಆದರೆ ನಾನು ಕೇಳಿದ ಟೈರು ಅವರಿಗೆ ಹೊಸದು. "ಜೀಪಿಗೆ ಇದ್ಯಾಕ್ರೀ ಅಕ್ಕಾರೆ? ನೋಡಕ್ಕೇ ಚಂದ ಕಾಣಲ್ಲ. ಪೈಲ್ವಾನಂಗೆ ಚಪ್ಲಿ ಹಾಕ್ದಂಗೆ ಆಗ್ತೈತೆ" ಎಂದರು. ಆಮೇಲೆ ನನ್ನ ಮುಖ ನೋಡಿ, ಮಧ್ಯದ ಒಂದು ಜಾತಿ ತಂದು ತೋರಿಸಿದರು. ಅರ್ಧ ಕೆಸರಿಗೆ, ಅರ್ಧ ಡಾಂಬರಿಗೆ. ಎಲ್ಲರೂ ಇದನ್ನೇ ಒಯ್ಯುತ್ತಾರಂತೆ, ಹೊಲಕ್ಕೂ ಆಯಿತು, ಹೈವೇಗೂ ಆಯಿತು.

ನನ್ನ ಮನಸ್ಸು ಅಲ್ಲಿ ಸ್ವಲ್ಪ ತೂಗಾಡಿತು. ಮೈದುನನ ಬಾಯಿಯೂ ಮುಚ್ಚುತ್ತದೆ, ಇವರ ಬೆನ್ನಿಗೂ ಅಷ್ಟಿಷ್ಟು ಸುಖ. ಆದರೆ ಅಷ್ಟಿಷ್ಟು ಸುಖದಿಂದ ಇವರು ಕುಬಟೂರಿನವರೆಗೆ ಕೂರುತ್ತಾರೆಯೇ? ನಮ್ಮ ದಾರಿ ಬಹುಪಾಲು ಡಾಂಬರು. ಗಾಡಿದಾರಿ ಕೊನೆಯ ಒಂದು ತುಂಡು. ಆ ಒಂದು ತುಂಡಿಗಾಗಿ ಉಳಿದ ದಾರಿಯನ್ನೆಲ್ಲ ಹಲ್ಲು ಕಚ್ಚಿಕೊಂಡು ಹೋಗುವುದು ಯಾವ ನ್ಯಾಯ? ಮಳೆಗಾಲದಲ್ಲಿ ಆ ತುಂಡನ್ನು ನಡೆದುಕೊಂಡು ಹೋದರಾಯಿತು. ಎರಡು ದೋಣಿಯ ಮೇಲೆ ಕಾಲಿಡುವ ಹೆಂಗಸು ನಾನಲ್ಲ. "ಪೂರ್ತಿ ಹೈವೇದೇ ಕೊಡ್ರಿ" ಎಂದೆ.

ಅದರಲ್ಲೂ ಕಣ್ಣು ಮುಚ್ಚಿ ಕೊಳ್ಳಲಿಲ್ಲ. ಅಳತೆ ಹಳೆಯದರಷ್ಟೇ ಇರಬೇಕು, ಹೊರುವ ಭಾರ ಕಡಿಮೆಯಾಗಬಾರದು, ಬದಿಯ ಗೋಡೆ ಹೆಬ್ಬೆರಳಿಗೆ ಬಗ್ಗಬೇಕು ಎಂದು ಫೋನಿನಲ್ಲಿ ನೋಡಿ ತಿಳಿದುಕೊಂಡು ಹೋಗಿದ್ದೆ. ಮೊದಲು ತಂದ ಟೈರುಗಳ ಮೇಲಿನ ತಯಾರಿಕೆಯ ವರ್ಷ ಓದಿದೆ. ಗೋಡೌನಿನಲ್ಲಿ ಕೂತು ಕೂತು ರಬ್ಬರು ಬಿರುಸಾಗಿತ್ತು. ಕಾಳಿನ ಅಂಗಡಿಯವಳಿಗೆ ಹಳೇ ಬೇಳೆ, ಹೊಸ ಬೇಳೆ ಗೊತ್ತಾಗುವುದಿಲ್ಲವೇ? ಬೇರೆ ತರಿಸಿ ಎಂದೆ. ಅವರು ಗೊಣಗಿದರೂ ತರಿಸಿದರು. ಟೈರು ಕೂರಿಸಿ, ಚಕ್ರಗಳ ನೇರ ನೋಡಿ, ಕೊನೆಗೆ, "ಗಾಳಿ?" ಎಂದು ಕೇಳಿದರು. "ಗಟ್ಟಿ ಹಾಕ್ರಿ" ಎಂದೆ. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಹತ್ತಿಸಿ ಅಪ್ಪಚ್ಚಿ ಮಾಡಿ, ರಾಜಠೀವಿಯಿಂದ ಮನೆಗೆ ಬಂದೆ.

ಮರುದಿನ ಯಜಮಾನರನ್ನು ಪುಸಲಾಯಿಸಿ ಕೂರಿಸಿಕೊಂಡು ಶಿರಾಳಕೊಪ್ಪದ ರಸ್ತೆ ಹಿಡಿದೆ. ಗುಂಯ್‌ ಎನ್ನುವ ಸದ್ದು ಸಂಪೂರ್ಣ ನಿಂತಿತ್ತು. ಅವರು ತಲೆ ವಾಲಿಸಿ ಕೇಳಿಸಿಕೊಂಡರು. ನನಗೆ ಒಳಗೊಳಗೇ ಹಿಗ್ಗು. ಅಷ್ಟರಲ್ಲಿ ರಸ್ತೆಯ ಉಬ್ಬು ಬಂದಿತು. ಎಷ್ಟು ನಿಧಾನಕ್ಕೆ ಹತ್ತಿಸಿದರೂ ಜೀಪು ಎಗರಿ ಕುಕ್ಕಿತು. ಅವರು ಮುಂದಿನ ಹಿಡಿ ಹಿಡಿದುಕೊಂಡರು, ಹಣೆಯಲ್ಲಿ ಬೆವರು. ಇನ್ನೊಂದು ತಗ್ಗು. "ತಿರುಗಿಸು" ಎಂದರು. ನಾನು ತಿರುಗಿಸಿದೆ. ಮನೆ ಮುಂದೆ ಇಳಿಯುವಾಗ ಅವರು ಕೋಪ ಮಾಡಿಕೊಂಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ನನ್ನ ಭುಜ ತಟ್ಟಿ, "ನೀನು ಮಾಡೋದೆಲ್ಲ ಮಾಡ್ದೆ ಬಿಡು. ಸೋಮವಾರ ಶುಂಠಿಯವ್ರು ಬರ್ಲಿ, ಮಾತು ಮುಗಿಸಿಬಿಡಾಣ" ಎಂದು ಒಳಗೆ ಹೋಗಿ ಮಲಗಿದರು.

ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಟೈರಿನ ಅಂಗಡಿ, ರಸ್ತೆ ಮಾಡಿದವರು, ಮದುವೆಗೆ ಕರೆದುಕೊಂಡು ಹೋದ ನೆಂಟರು, ಎಲ್ಲರ ಮೇಲೂ ಬಂತು. ಕೈಗೆ ಸಿಕ್ಕಿದ್ದು ಜೀಪು. ಮುಂದಿನ ಚಕ್ರಕ್ಕೆ ಝಾಡಿಸಿ ಒದ್ದೆ. ಹೆಬ್ಬೆರಳು ಮುರಿದೇ ಹೋಯಿತು ಎನ್ನಿಸುವಷ್ಟು ನೋವಾಯಿತು. ಕುಂಟುತ್ತಾ ಜಗಲಿಗೆ ಬಂದರೆ ಅಲ್ಲಿ ಎಲೆಅಡಿಕೆ ಹಾಕುತ್ತಾ ಕೂತಿದ್ದ ನಮ್ಮ ಅತ್ತೆ ನಗುತ್ತಿದ್ದರು. ಅತ್ತೆಯ ತವರು ಸೊರಬದ ಕಡೆ. ಶಿಕಾರಿಪುರಕ್ಕೆ ಬಂದು ಇಷ್ಟು ವರ್ಷವಾದರೂ ಅವರ ಬಾಯಿಂದ ಆ ಕಡೆಯ ಮಾತು ಹೋಗಿಲ್ಲ.

"ಒದ್ರೆ ಕಾಲು ನೋಯೋ ಟೈರು ಮೆತ್ತಗೆ ಹೆಂಗೆ ಆಗ್ತದೆ ಮಾರಾಯ್ತಿ?" ಎಂದರು.

"ಹೊಸ ಟೈರು ಅತ್ತೆ, ಮೆತ್ತಂದೇ ತಂದಿದ್ದು."

"ಟೈರು ಮೆತ್ತಗಿದ್ರೆ ಏನ್ ಬಂತು, ಗಾಳಿ ಗಟ್ಟಿ ಹಾಕ್ಸಿದೀಯಲ. ನಮ್ಮಪ್ಪಂದು ಟೈರ್ ಗಾಡಿ ಇತ್ತು. ಭತ್ತದ ಚೀಲ ಹೇರೋವಾಗ ಗಾಳಿ ಗಟ್ಟಿ. ಬಸುರಿ ಹೆಣ್ಣುಮಕ್ಕಳನ್ನ ತವರಿಗೆ ಕರ್ಕಂಡು ಬರೋವಾಗ ಗಾಳಿ ಇಳ್ಸಿ ಎತ್ತು ಕಟ್ತಿದ್ರು. ನನ್ನನ್ನೂ ಹಂಗೇ ಕರ್ಕಂಡು ಹೋಗಿದ್ದು, ನಿನ್ ಗಂಡ ಹೊಟ್ಟೇಲಿದ್ದಾಗ."

ನಾನು ಕಾಲು ನೋವು ಮರೆತು ಅವರನ್ನೇ ನೋಡಿದೆ. "ಗಟ್ಟಿ ಹಾಕ್ರಿ" ಎಂದು ಹೇಳಿದವಳು ನಾನೇ. ಯೋಚಿಸಿ ಹೇಳಿದ ಮಾತಲ್ಲ. ಶಿಕಾರಿಪುರದಲ್ಲಿ ಗಾಳಿ ಹಾಕಿಸುವುದೆಂದರೆ ಹಾಗೆಯೇ ಹೇಳುವುದು. ಇವತ್ತು ಜನ ಕೂತರೆ ನಾಳೆ ಅದೇ ಗಾಡಿಗೆ ಮೆಕ್ಕೆಜೋಳದ ಚೀಲ ಬೀಳುತ್ತದೆ, ಟೈರು ಸ್ವಲ್ಪ ಚಪ್ಪಟೆಯಾಗಿ ಕಂಡರೂ ದಾರಿಯಲ್ಲಿ ಹೋಗುವವರು ಕೂಗಿ ಹೇಳುತ್ತಾರೆ. ನಮ್ಮಲ್ಲಿ ಗಾಳಿ ಕಡಿಮೆ ಇರುವುದು ಮನೆಯಲ್ಲಿ ಅಕ್ಕಿ ಕಡಿಮೆ ಇದ್ದ ಹಾಗೆ, ಮರ್ಯಾದೆಯ ಪ್ರಶ್ನೆ. ಎಷ್ಟು ಓದಿಕೊಂಡು ಹೋಗಿ ಎಷ್ಟು ಜಾಣತನ ತೋರಿಸಿದರೂ ಕೊನೆಗೆ ನನ್ನ ನಾಲಿಗೆ ಊರಿನ ನಾಲಿಗೆಯೇ ಆಗಿತ್ತು. ಸಿಟ್ಟು ಹೋಗಿ ನನಗೆ ನಗು ಬಂದಿತು.

ಹಾಗೆಂದು ಮನಸ್ಸಿಗೆ ಬಂದಷ್ಟು ಇಳಿಸಿಬಿಡುವ ಹಾಗೂ ಇಲ್ಲವಲ್ಲ. ಡ್ರೈವರ್ ಕಡೆಯ ಬಾಗಿಲು ತೆರೆದರೆ ಚೌಕಟ್ಟಿನ ಕಂಬಕ್ಕೆ ಒಂದು ಚೀಟಿ ಅಂಟಿಸಿರುತ್ತಾರೆ. ಅಲ್ಲಿ ಜನರಷ್ಟೇ ಕೂತಾಗ ಗಾಳಿ ಎಷ್ಟು, ಪೂರ್ತಿ ಭಾರ ಹೇರಿದಾಗ ಎಷ್ಟು ಎಂದು ಎರಡೂ ಬರೆದಿತ್ತು. ನಮ್ಮ ಟೈರುಗಳಲ್ಲಿ ಇದ್ದದ್ದು ಭಾರದ ಲೆಕ್ಕಕ್ಕಿಂತಲೂ ಮೇಲೆ. ನೇರ ಪೆಟ್ರೋಲ್ ಬಂಕಿಗೆ ಹೋಗಿ ಜನರ ಲೆಕ್ಕಕ್ಕೆ ಇಳಿಸಲು ಹೇಳಿದೆ. ಗಾಳಿ ಹಾಕುವವನು ಅನುಮಾನದಿಂದ ನೋಡಿದ. "ಇಷ್ಟು ಕಮ್ಮಿನಾ? ಎಲ್ರೂ ಗಟ್ಟಿ ಹಾಕಿಸ್ತಾರಲ್ರೀ."

"ಎಲ್ಲರ ಬೆನ್ನೂ ಗಟ್ಟಿ ಐತಲ್ಲಪ್ಪ" ಎಂದೆ.

ಇನ್ನೊಂದು ಸಲ ಸೋಲುವ ಧೈರ್ಯ ನನಗಿರಲಿಲ್ಲ. ಈ ಸಲವೂ ಅವರು "ತಿರುಗಿಸು" ಎಂದರೆ ಅಲ್ಲಿಗೆ ಮುಗಿಯಿತು, ಮತ್ತೆ ಯಾವತ್ತೂ ಜೀಪು ಹತ್ತುವುದಿಲ್ಲ. ಅದಕ್ಕೇ ಮೊದಲು ಅತ್ತೆಯನ್ನು ಕೂರಿಸಿಕೊಂಡೆ. ಮಗ ಕೂರುವ ಸೀಟಿನಲ್ಲೇ ಕೂರಿಸಿ, ತೊಗರ್ಸಿಯ ದಾರಿ ಒಡೆಯುವವರೆಗೂ ಹೋದೆ. ಬೇಕೆಂದೇ ಉಬ್ಬು, ತಗ್ಗು ಯಾವುದನ್ನೂ ತಪ್ಪಿಸಲಿಲ್ಲ. ಅತ್ತೆ ಮಡಿಲಲ್ಲಿ ಎಲೆಯ ಚೀಲ ಇಟ್ಟುಕೊಂಡು ಹೊರಗೆ ನೋಡುತ್ತಿದ್ದರು. ಯಾರ ಹೊಲದಲ್ಲಿ ಏನಿದೆ ಎಂದು ಹೇಳುತ್ತಾ, ಒಂದು ಎಲೆ ತೆಗೆದು ತೊಡೆಗೆ ಒರೆಸಿ, ಬೆರಳ ತುದಿಯಲ್ಲಿ ಸುಣ್ಣ ಹಚ್ಚಿ, ಮಡಚಿ ಬಾಯಿಗೆ ಹಾಕಿಕೊಂಡರು. ಜೀಪು ಓಡುತ್ತಲೇ ಇತ್ತು. ನಾನು ಅವರ ಬೆರಳನ್ನೇ ನೋಡಿದೆ. ಸುಣ್ಣ ಎಲೆಯ ಮೇಲಲ್ಲದೆ ಬೇರೆಲ್ಲೂ ಹತ್ತಿರಲಿಲ್ಲ.

ಮನೆಗೆ ಬಂದವರೇ ಅತ್ತೆ ಮಗ ಮಲಗಿದ್ದ ಕೋಣೆಯ ಬಾಗಿಲಲ್ಲಿ ನಿಂತು, "ಈ ವಯಸ್ಸಿಗೆ ನಾನು ತೊಗರ್ಸಿ ದಾರಿವರೆಗೂ ಹೋಗಿ ಬಂದಿದೀನಿ, ಎಲೆಗೆ ಸುಣ್ಣ ಹಚ್ಕಂಡು. ನಿಂಗೆ ಆಗಲ್ಲ ಅಂದ್ರೆ ಹೇಳು, ಕುಬಟೂರಿಗೂ ನಾನೇ ಹೋಗಿ ಬರ್ತೀನಿ" ಎಂದರು. ಇವರು ಗೋಡೆ ಕಡೆಗೆ ಮುಖ ಮಾಡಿದ್ದವರು ನಿಧಾನಕ್ಕೆ ಈ ಕಡೆ ತಿರುಗಿದರು. ಭಾನುವಾರ ಹೋಗಾಣ ಎಂದೆ ನಾನು. ಬೇಡ ಎನ್ನಲಿಲ್ಲ.

ಭಾನುವಾರ ಬೆಳಿಗ್ಗೆ ಹೊರಟೆವು. ಮೈದುನ ಬಾಗಿಲಲ್ಲಿ ನಿಂತಿದ್ದ. ಅವನ ಮುಖದಲ್ಲಿ ಹಂಗಿಸುವ ಭಾವವೇನೂ ಇರಲಿಲ್ಲ, ಅಣ್ಣ ನೋವು ತಿಂದುಕೊಂಡು ಬರುತ್ತಾನಲ್ಲ ಎಂಬ ಭಯ ಅಷ್ಟೇ. "ನಾಳೆ ಅವ್ರು ಬರೋದು ಬರ್ತಾರೆ ಅತ್ಗೆ. ಈ ಓಡಾಟ ಬೇಕಿತ್ತಾ?" ಎಂದ. ಬೇಕಿತ್ತು ಎಂದೆ.

ಮೊದಲ ಉಬ್ಬಿಗೆ ಅವರ ಕೈ ಹಿಡಿಯ ಕಡೆ ಹೋಯಿತು. ಜೀಪು ಮೆಲ್ಲಗೆ ಎದ್ದು ಮೆಲ್ಲಗೆ ಇಳಿಯಿತು. ಎರಡನೆಯದಕ್ಕೂ ಕೈ ಅಲ್ಲೇ ಇತ್ತು. ಶಿರಾಳಕೊಪ್ಪ ದಾಟಿದ ಮೇಲೆ ಯಾವಾಗಲೋ ನೋಡಿದರೆ ಕೈ ತೊಡೆಯ ಮೇಲಿತ್ತು. ಇನ್ನೂ ಸ್ವಲ್ಪ ದೂರ ಹೋದ ಮೇಲೆ, "ಲಾರಿ ಹಿಂದೆ ಅಷ್ಟು ಹತ್ರ ಹೋಗ್ಬೇಡ" ಎಂದರು. ಅಂಬ್ಲಿಗೊಳದ ರಸ್ತೆಯಲ್ಲಿ ಕಲಿಸುವಾಗ ಇದನ್ನೇ ಸಾವಿರ ಸಲ ಹೇಳಿ ನನ್ನ ಜೀವ ತಿಂದಿದ್ದರು. ಈಗ ಇನ್ನೊಂದು ಸಲ ಹೇಳಲಿ ಎಂದು ಬೇಕೆಂದೇ ಲಾರಿಯ ಹತ್ತಿರ ಹೋದೆ. ಹೇಳಿದರು.

ಗಾಡಿದಾರಿಗೆ ತಿರುಗಿದ ಮೇಲೂ ಅಷ್ಟೇನೂ ತೊಂದರೆಯಾಗಲಿಲ್ಲ, ಬೇಸಿಗೆಯ ಮೊದಲ ದಿನಗಳು, ನೆಲ ಒಣಗಿತ್ತು. ಆದರೆ ನಮ್ಮ ಹೊಲಕ್ಕೆ ಸ್ವಲ್ಪ ಮುಂಚೆ ಯಾರದೋ ಪಂಪಿನ ನೀರು ದಾರಿಗೆ ಹರಿದು ರಾಡಿಯಾಗಿತ್ತು. ಹಳೆಯ ಟೈರಾಗಿದ್ದರೆ ಇವರು ಹಾಡು ಹೇಳಿಕೊಂಡು ದಾಟುತ್ತಿದ್ದ ಜಾಗ. ನಾನು ಜೀಪಿನ ಮೂತಿ ಇಳಿಸಿ ನೋಡಿದೆ. ಚಕ್ರ ಗಿರ್ರನೆ ತಿರುಗಿ ಜೀಪು ಪಕ್ಕಕ್ಕೆ ಜಾರಿತು. ಹಿಂದಕ್ಕೆ ತೆಗೆದುಕೊಂಡು ನಿಲ್ಲಿಸಿದೆ. ಇಷ್ಟು ದೂರ ಬಂದು, ಹೊಲ ಕಣ್ಣಿಗೆ ಕಾಣುತ್ತಿರುವಾಗ!

"ಈ ಟೈರಿಗೆ ಇಲ್ಲಿಂದ ಮುಂದೆ ಆಗಲ್ರೀ" ಎಂದೆ.

ಅವರು ರಾಡಿಯನ್ನು ನೋಡಿದರು, ಅದರಾಚೆ ನೋಡಿದರು. ಬಾಗಿಲು ತೆರೆದು, ಒಂದು ಕೈ ಊರಿ ಇಳಿದರು. ಚಪ್ಪಲಿ ಬಿಚ್ಚಿ ಜೀಪಿನೊಳಗೆ ಇಟ್ಟರು. ದಾರಿಯ ಅಂಚು ಹಿಡಿದು, ಬೆನ್ನು ಸೆಟೆಸಿಕೊಂಡು, ನಿಧಾನವಾಗಿ ನಡೆಯತೊಡಗಿದರು. ಜೊತೆಗೆ ಬರಲೇ ಎಂದು ಕೇಳಬೇಕೆನಿಸಿತು. ಸ್ಟೇರಿಂಗ್ ಹಿಡಿದುಕೊಂಡು ಕೂತೇ ಇದ್ದೆ. ಅವರು ಬೇಲಿ ದಾಟಿದರು, ಮೊದಲ ಬದುವಿನ ಹತ್ತಿರ ನಿಂತರು. ಬಹಳ ಹೊತ್ತು ನಿಂತರು. ಆ ಹೊತ್ತಿನಲ್ಲಿ ನಾನು ತೊಗರ್ಸಿಯ ಮಲ್ಲಿಕಾರ್ಜುನ ಸ್ವಾಮಿಗೆ ಏನೇನೋ ಹೇಳಿಕೊಂಡೆ.

ಆಮೇಲೆ ಕೂಗು ಕೇಳಿತು. ಬೀದಿಗೆ ಕೇಳುವಂಥ ಕೂಗು. "ಯಾವನೋ ಅವ್ನು ನನ್ನ ಬದುವಿನ ಮ್ಯಾಲೆ ಗೂಟ ಹೊಡದಿರೋದು!"

ನಾನು ಜೀಪು ಹಾಗೇ ಬಿಟ್ಟು, ಸೀರೆ ಎತ್ತಿಕಟ್ಟಿ ರಾಡಿಯಲ್ಲೇ ಓಡಿದೆ. ಬದುವಿನುದ್ದಕ್ಕೂ ಗೂಟಗಳಿದ್ದವು, ತುದಿಗೆ ಕೆಂಪು ಬಟ್ಟೆಯ ಚೂರು. ಎಲ್ಲಿಂದ ಎಲ್ಲಿಗೆ ಮಟ್ಟ ಮಾಡಬೇಕೆಂದು ಶುಂಠಿಯವರು ಬಂದು ಗುರುತು ಮಾಡಿ ಹೋಗಿದ್ದರು. ಯಜಮಾನರ ಮುಖ ಕೆಂಪೇರಿತ್ತು, ಉಸಿರು ಜೋರಾಗಿತ್ತು. ಮೈದುನನನ್ನು ಬೈದರು, ಶುಂಠಿಯವರನ್ನು ಬೈದರು, ಇಷ್ಟು ದಿನ ನೀನ್ಯಾಕೆ ಸುಮ್ಮನಿದ್ದೆ ಎಂದು ನನ್ನನ್ನೂ ಬೈದರು. ನಾನು ಬೈಸಿಕೊಳ್ಳುತ್ತಾ ನಿಂತೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

"ಏನ್ ನೋಡ್ತಾ ನಿಂತಿ?" ಎಂದರು. "ನಂಗೆ ಬಗ್ಗಾಕಾಗಲ್ಲ. ಕೀಳು."

ಎರಡು ಕೈಯಲ್ಲೂ ಹಿಡಿದು ಮೊದಲ ಗೂಟ ಕಿತ್ತೆ. ಅವರು ಆಗಲೇ ಮುಂದಿನ ಗೂಟದ ಹತ್ತಿರ ಹೋಗಿ ನಿಂತಿದ್ದರು.